ಕೆಲಸಕ್ಕೆ ಬಂದಿದ್ದೀನಿ

ನಮ್ಮ ಏಜೆನ್ಸಿಯ ಮ್ಯಾನೇಜರಿಗೆ ನಾವು ಇಟ್ಟ ಹೆಸರು ಹಲ್ಗಿಂಜಪ್ಪ. ಕೆಲಸ ಕೊಡುವಾಗಲೂ ಹಲ್ಲು ಗಿಂಜುತ್ತಾನೆ, ಕಿತ್ತುಕೊಳ್ಳುವಾಗಲೂ ಹಲ್ಲು ಗಿಂಜುತ್ತಾನೆ. ಹುಟ್ಟಿದಾಗ ಅಳುವ ಬದಲು ಸೂಲಗಿತ್ತಿಯ ಮುಂದೆ ಕಿಸಿದಿರಬೇಕು. ಮಗನಾಗುವ ವಯಸ್ಸಿನವನು, ನನಗೆ "ನಾನು ನಿಮ್ಮ ಅಣ್ಣನ ಹಾಗೆ" ಅನ್ನುತ್ತಾನೆ. ನಾನು ಒಬ್ಬಳೇ ಮಗಳು. ಅಣ್ಣ ಬೇಕು ಅಂತ ಚಿಕ್ಕಂದಿನಲ್ಲಿ ಹಟ ಹಿಡಿದದ್ದುಂಟು, ಇವನನ್ನು ನೋಡಿದ ಮೇಲೆ ಆ ಆಸೆ ತೀರಿತು.

ನಾನು ಇದ್ದದ್ದು ಲಾಂಡ್ರಿಯಲ್ಲಿ. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ, ಹೋಟೆಲುಗಳ ಬೆಡ್‌ಶೀಟು ಟವೆಲುಗಳನ್ನು ಲಾರಿಗಟ್ಟಲೆ ಒಗೆಯುವ ಕಾರ್ಖಾನೆ. ಇದ್ದೆ ಅಂದರೆ ಕೈಕಾಲು ಅಲ್ಲಿದ್ದವು ಅಷ್ಟೆ, ನೌಕರಿ ಏಜೆನ್ಸಿಯದು. ನಮ್ಮನ್ನು ಸೇರಿಸಿಕೊಂಡವನು, ಸಂಬಳ ಹಾಕುವವನು ಹಲ್ಗಿಂಜಪ್ಪ. ದುಡಿಸಿಕೊಳ್ಳುವವರು ಲಾಂಡ್ರಿಯವರು. ಏನು ಕೇಳಿದರೂ ಲಾಂಡ್ರಿಯವರು ಏಜೆನ್ಸಿಯ ಕಡೆ ಕೈ ತೋರಿಸುತ್ತಾರೆ, ಏಜೆನ್ಸಿಯವರು ಲಾಂಡ್ರಿಯ ಕಡೆ ತೋರಿಸುತ್ತಾರೆ. ನಮ್ಮನ್ನು ಹೀಗೆ ಚೆಂಡಾಡುವುದಕ್ಕೆ ಇಬ್ಬರೂ ಸೇರಿ ಸೀಲು ಹಾಕಿದ ಒಪ್ಪಂದವನ್ನೇ ಮಾಡಿಕೊಂಡಿದ್ದಾರೆ.

ಅವತ್ತು ನಾನು ರೋಲರಿನ ಮುಂದೆ ನಿಂತಿದ್ದೆ. ಒದ್ದೆ ಬೆಡ್‌ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು, ಸುಕ್ಕಾಗದಂತೆ ಎಳೆದು, ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಒಂದು ತುದಿ ನನ್ನದು, ಇನ್ನೊಂದು ಲಾಂಡ್ರಿಯ ಕಾಯಂ ಕೆಲಸದವಳದು. ಶೀಟು ಅರ್ಧ ಒಳಗೆ ಹೋಗಿತ್ತು, ಸೂಪರ್‌ವೈಸರ್ ಬಂದು ಚಪ್ಪಾಳೆ ತಟ್ಟಿದ.

"ಏಜೆನ್ಸಿಯವರೆಲ್ಲ ಕೈ ಬಿಡಿ. ನಿಮ್ಮ ಕೆಲಸ ಮುಗೀತು."

"ಇದೊಂದು ಶೀಟ್ ಹೋಗ್ಲಿ, ತಡೀರಿ," ಅಂದೆ.

"ಬಿಡಿ ಅಂದ್ರೆ ಬಿಡಿ."

ಬಿಟ್ಟೆ. ಶೀಟು ಓರೆಯಾಗಿ ಎಳೆದುಕೊಂಡು ಸುಕ್ಕುಸುಕ್ಕಾಗಿ ಒಳಗೆ ಹೋಯಿತು. ಕಾಯಂ ಕೆಲಸದವಳು ನನ್ನ ಮುಖ ನೋಡಲಿಲ್ಲ. ಯಾವುದೋ ದೊಡ್ಡ ಹೋಟೆಲು ತನ್ನ ಬಟ್ಟೆಯನ್ನು ಬೇರೆ ಲಾಂಡ್ರಿಗೆ ಕೊಟ್ಟಿತಂತೆ. ಅದನ್ನೂ ನಮಗೆ ಹೇಳಿದವನು ಗೇಟಿನ ಕಾವಲುಗಾರ. ಕೊಳೆ ಬಟ್ಟೆ ಬರುವ ಹಿಂಬಾಗಿಲಿನಿಂದ ನಮ್ಮನ್ನು ಹೊರಗೆ ಸಾಗಹಾಕಿದರು.

ರಸ್ತೆಗೆ ಬರುವಷ್ಟರಲ್ಲಿ ಎಲ್ಲರ ಫೋನಿಗೂ ಹಲ್ಗಿಂಜಪ್ಪನ ದನಿ ಬಂದು ಬಿದ್ದಿತು. "ಪ್ರೀತಿಯ ಕುಟುಂಬದವರೇ, ಈ ಜಾಗದ ಕೆಲಸ ಇಲ್ಲಿಗೆ ಮುಗೀತು. ಆಫೀಸಿಗೆ ಬರೋ ತೊಂದರೆ ತಗೋಬೇಡಿ. ಬೇರೆ ಕೆಲಸ ಬಂದ ತಕ್ಷಣ ನಾವೇ ಫೋನ್ ಮಾಡ್ತೀವಿ." ಜೊತೆಯವರು ಅದನ್ನು ಕೇಳಿ ಸಮಾಧಾನ ಮಾಡಿಕೊಂಡರು. ಎಷ್ಟು ಒಳ್ಳೆಯ ಮನುಷ್ಯ, ತೊಂದರೆ ತಗೋಬೇಡಿ ಅಂದನಲ್ಲ ಅಂತ ಒಬ್ಬಳು ಕಣ್ಣು ಒರೆಸಿಕೊಂಡಳು. ನನಗೆ ಅವಳ ತಲೆಗೆ ಎರಡು ತಟ್ಟೋಣ ಅನ್ನಿಸಿತು.

ನನ್ನ ಚಿಂತೆ ಬೇರೆಯಿತ್ತು. ನನ್ನ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಿಡ್ನಿ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಅದು ನಡೆಯುತ್ತಿದ್ದುದು ಏಜೆನ್ಸಿ ನೌಕರಳು ಅಂತ ನನಗೆ ಕೊಟ್ಟಿದ್ದ ಆಸ್ಪತ್ರೆ ಕಾರ್ಡಿನ ಮೇಲೆ. ನೌಕರಿ ಹೋದರೆ ಕಾರ್ಡು ಹೋಯಿತು. ಕಾರ್ಡು ಹೋದರೆ ಏನಾಗುತ್ತದೆ ಅನ್ನುವುದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಸಂಜೆ ನಾದಿನಿ ಬಂದಳು. ಅವಳು ವಕೀಲರ ಆಫೀಸಿನಲ್ಲಿ ಗುಮಾಸ್ತೆ. ಅವಳಿಗೂ ನನಗೂ ಎಣ್ಣೆ ಸೀಗೆಕಾಯಿ. ಮನೆಗೆ ಬಂದರೆ ಮೊದಲು ನನ್ನ ಪಾತ್ರೆಗಳ ತಳ ನೋಡುತ್ತಾಳೆ, ಆಮೇಲೆ ನನ್ನ ಮುಖ. ಅವತ್ತು ಪಾತ್ರೆ ನೋಡಲಿಲ್ಲ.

"ಅತ್ತಿಗೆ, ಹೋಗಿದ್ದು ಲಾಂಡ್ರಿ ಕೆಲಸ. ಏಜೆನ್ಸಿ ಕೆಲಸ ಎಲ್ಲಿ ಹೋಯ್ತು? ನಿಮ್ಮನ್ನ ಅವರು ತೆಗೆದುಹಾಕಿದೀವಿ ಅಂತ ಬರೆದುಕೊಟ್ಟಿದಾರಾ?"

"ಇಲ್ಲ. ಫೋನ್ ಮಾಡ್ತೀವಿ ಅಂದಿದಾರೆ."

"ಅದೇ ಅವರ ಆಟ. ನೀವು ಫೋನ್ ಕಾಯ್ತಾ ಮನೇಲಿ ಕೂತ್ರೆ, 'ಕೆಲಸ ಕೇಳ್ಕೊಂಡು ಬರಲೇ ಇಲ್ಲ, ತಾನಾಗೇ ಬಿಟ್ಟಳು' ಅಂತ ಬರೀತಾರೆ. ತಾನಾಗೇ ಬಿಟ್ಟವಳಿಗೆ ಯಾವ ಹಕ್ಕೂ ಇಲ್ಲ, ಅಣ್ಣನ ಕಾರ್ಡೂ ಇಲ್ಲ. ನಾಳೆ ಬೆಳಿಗ್ಗೆ ಹೋಗಿ ಎದುರಿಗೆ ನಿಂತು ಕೆಲಸಕ್ಕೆ ಬಂದಿದ್ದೀನಿ ಅನ್ನಿ. ನಾಡಿದ್ದೂ ಹೋಗಿ. ದಿನಾ ಹೋಗಿ. ಕೆಲಸಕ್ಕೆ ತಯಾರಿದ್ದು ಬರ್ತಾ ಇರೋವರೆಗೂ ನೀವು ಅವರ ನೌಕರರೇ."

ಅವಳು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದು ನನಗೆ ಹರಳೆಣ್ಣೆ ಕುಡಿದಷ್ಟು ಸುಖ. ಆದರೂ ಹೋದೆ.

ಏಜೆನ್ಸಿಯ ಆಫೀಸು ಒಂದು ಔಷಧಿ ಅಂಗಡಿಯ ಮೇಲಿದೆ. ಗಾಜಿನ ಬಾಗಿಲು, ಧೂಳು ಹಿಡಿದ ಪ್ಲಾಸ್ಟಿಕ್ ಗಿಡ, ಗೋಡೆಯ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಕೈಕಟ್ಟಿ ನಗುವ ಜನರ ದೊಡ್ಡ ಪಟ. ಆ ಪಟದಲ್ಲಿರುವವರು ಜನ್ಮದಲ್ಲಿ ಒಂದು ಬಕೆಟ್ಟು ಎತ್ತಿದವರಲ್ಲ ಅಂತ ಅವರ ಉಗುರು ನೋಡಿದರೆ ಗೊತ್ತಾಗುತ್ತದೆ.

"ಕೆಲಸಕ್ಕೆ ಬಂದಿದ್ದೀನಿ," ಅಂದೆ.

ಹಲ್ಗಿಂಜಪ್ಪ ಕಿಸಿದ. "ಅಯ್ಯೋ ಅಮ್ಮಾ, ಫೋನ್ ಮಾಡ್ತೀವಿ ಅಂದಿದ್ನಲ್ಲ. ಈಗ ಎಲ್ಲೂ ಕೆಲಸ ಇಲ್ಲ."

"ಬರೋವರೆಗೂ ಕೂತಿರ್ತೀನಿ."

"ಒಂದು ಕೆಲಸ ಮಾಡಿ. 'ನನ್ನ ಇಷ್ಟದಿಂದ ಬಿಡ್ತಾ ಇದ್ದೀನಿ' ಅಂತ ಇಲ್ಲೊಂದು ಸಹಿ ಹಾಕಿ. ಮುಂದೆ ಒಳ್ಳೇ ಜಾಗ ಬಂದ್ರೆ ಮೊದಲು ನಿಮ್ಮನ್ನೇ ಕರೀತೀನಿ. ಅಣ್ಣನ ಮಾತು ಅಂದ್ಕೊಳ್ಳಿ."

"ನನ್ನ ಇಷ್ಟ ನೀವ್ಯಾಕೆ ಬರೆದಿಟ್ಟಿದ್ದೀರಿ ಸರ್? ನಂಗೂ ಬರೆಯೋಕೆ ಬರುತ್ತೆ."

ಹೀಗೆ ಶುರುವಾಯಿತು. ಹಾಜರಿ ಪುಸ್ತಕಕ್ಕೆ ಕೈ ಹಾಕಲು ಬಿಡಲಿಲ್ಲ. ಮಾರನೆಯ ದಿನ ಹೋದರೆ ಬಂದವರು ಕೂರುವ ಕುರ್ಚಿಗಳನ್ನು ಒಳಗಿಟ್ಟಿದ್ದ. ನಿಂತೆ. ಲಾಂಡ್ರಿಯಲ್ಲಿ ದಿನವಿಡೀ ನಿಂತೇ ದುಡಿದವಳನ್ನು ನಿಲ್ಲಿಸಿ ಹೆದರಿಸುತ್ತೇನೆ ಅಂದುಕೊಂಡ ಇವನ ಬುದ್ಧಿಗೆ ಏನು ಹೇಳಲಿ! ಜೊತೆಯವರಿಗೂ ಬನ್ನಿ ಅಂತ ಹೇಳಿ ಕಳಿಸಿದೆ. ಒಬ್ಬಳೂ ಬರಲಿಲ್ಲ. ಸುಮ್ಮನೆ ಮೇಲೆ ಬಿದ್ದು ಜಗಳ ಯಾಕೆ, ಅವನೇ ಫೋನ್ ಮಾಡುತ್ತಾನಲ್ಲ ಅಂದರು.

ಈ ಹಲ್ಗಿಂಜಪ್ಪನಂಥವರಿಗೆ ಒಂದು ಕಾಯಿಲೆಯಿದೆ. ಕೆಲಸದವರು ಸುಮ್ಮನೆ ನಿಂತದ್ದನ್ನು ನೋಡಿದರೆ ಮೈಗೆ ತುರಿಕೆ ಎಲೆ ಸೋಕಿದ ಹಾಗಾಗುತ್ತದೆ. ಎರಡು ದಿನ ತಡೆದುಕೊಂಡ. ಮೂರನೆಯ ದಿನ ಕಂಪ್ಯೂಟರಿನಿಂದ ತಲೆ ಎತ್ತದೆ, "ಸುಮ್ನೆ ನಿಂತಿದ್ದೀರಲ್ಲ, ಆ ಬಾಗಿಲ ಗಾಜಾದ್ರೂ ಒರೆಸಿ," ಅಂದ. ಒರೆಸಿದೆ. ಆಮೇಲೆ ಬಂದವರಿಗೆ ಟೀ ಕೊಡುವುದು ಬಂತು. ಆಮೇಲೆ ಕರ್ಟನ್ನು ಒಗೆದು ಇಸ್ತ್ರಿ ಮಾಡುವುದು. ದೊಡ್ಡ ಕಂಪನಿಯವರು ಬರುತ್ತಾರೆ, ನೀವು ಹೀಗೆ ಭಿಕ್ಷೆಗೆ ಬಂದವರ ಹಾಗೆ ಕಾಣಬಾರದು ಅಂತ ಏಜೆನ್ಸಿಯ ನೀಲಿ ಕೋಟನ್ನು ಕೊಟ್ಟು ತೊಡಿಸಿದ, ಅವರು ಹೋದಮೇಲೆ ಬಿಚ್ಚಿಸಿಕೊಂಡ.

ಎಲ್ಲಕ್ಕಿಂತ ದೊಡ್ಡ ಕೆಲಸ ಅವನ ಫ್ಲಾಸ್ಕು ತುಂಬಿಸುವುದು. ಅವನಿಗೆ ಕುಡಿಯಲು ಉಗುರು ಬೆಚ್ಚಗಿನ ನೀರೇ ಆಗಬೇಕು. "ಗಂಟಲೇ ನನ್ನ ಬಂಡವಾಳ," ಅನ್ನುತ್ತಿದ್ದ. ಸ್ವಲ್ಪ ಬಿಸಿಯಾದರೆ ಮುಖ ಸಿಂಡರಿಸುತ್ತಿದ್ದ, ತಣ್ಣಗಾದರೆ ವಾಪಸು ಕಳಿಸುತ್ತಿದ್ದ. ಫ್ಲಾಸ್ಕು ಖಾಲಿಯಾದಾಗ ತಿರುಗಿಯೂ ನೋಡುತ್ತಿರಲಿಲ್ಲ, ಅದನ್ನು ಹಿಡಿದ ಕೈ ಹಿಂದಕ್ಕೆ ಚಾಚಿದರೆ ನಾನು ಬಂದು ತೆಗೆದುಕೊಳ್ಳಬೇಕು.

ಇದನ್ನು ನಾದಿನಿಗೆ ಹೇಳಲಿಲ್ಲ. ನಾಚಿಕೆ. ಬಾಯಿ ಮಾಡಿ ಹಕ್ಕು ಕೇಳಲು ಹೋದವಳು ಅವನ ಫ್ಲಾಸ್ಕು ಹಿಡಿದು ಓಡಾಡುತ್ತಿದ್ದಾಳೆ ಅಂತ ಆಕೆ ಊರೆಲ್ಲ ಸಾರುತ್ತಾಳೆ ಅನ್ನಿಸಿತು. ಗಂಡನಿಗೆ ಮಾತ್ರ ಹೇಳಿದೆ. "ನನ್ನಿಂದಾಗಿ ನಿನಗೆ ಈ ಗತಿ," ಅಂದರು. "ಗಡಿಯಾರ ಬಿಚ್ಚೋವಾಗ ಇಷ್ಟೊಂದು ಮಾತಾಡ್ತಿದ್ರಾ? ಸುಮ್ನೆ ಮಲಗಿ," ಅಂತ ಗದರಿದೆ. ಅವರ ಕಾಲು ಊದಿಕೊಂಡಿತ್ತು.

ಆ ವಾರವೇ ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡನ್ನು ವಾಪಸು ತಳ್ಳಿದಳು. "ನೀವು ಕೆಲಸ ಬಿಟ್ಟಿದ್ದೀರಂತಲ್ಲ, ಏಜೆನ್ಸಿಯವರು ತಿಳಿಸಿದಾರೆ. ಇದೊಂದು ವಾರ ಹೇಗೋ ಮಾಡಿಸ್ತೀನಿ. ಮುಂದಿನ ವಾರ ಆಗಲ್ಲ ಆಂಟಿ."

ಅಂದರೆ ನಾನು ಅವನ ಕರ್ಟನ್ನಿಗೆ ಇಸ್ತ್ರಿ ಹಾಕುತ್ತಿದ್ದಾಗಲೇ, ಅದೇ ಕೋಣೆಯಲ್ಲಿ ಕೂತು, ನಾನು ಬಿಟ್ಟುಹೋದೆ ಅಂತ ಬರೆದು ಕಳಿಸಿದ್ದಾನೆ. ನನಗೆ ಸಿಟ್ಟು ಬರುವುದು ಹೊಸದೇನಲ್ಲ, ಆದರೆ ಅವತ್ತಿನ ಸಿಟ್ಟಿನಲ್ಲಿ ನಾನೇ ಹೋಗಿ ನಾದಿನಿಯ ಮನೆ ಬಾಗಿಲು ತಟ್ಟಿದೆ.

ನಾದಿನಿ ರಾತ್ರೋರಾತ್ರಿ ದೂರು ಬರೆದಳು. ಕಾರ್ಮಿಕ ಇಲಾಖೆಯ ಅಧಿಕಾರಿ ಆ ವಾರದಲ್ಲೇ ನನ್ನನ್ನೂ ಹಲ್ಗಿಂಜಪ್ಪನನ್ನೂ ವಿಚಾರಣೆಗೆ ಕರೆದರು. "ದಿನಾ ಹೋಗಿದ್ದಕ್ಕೆ ಸಾಕ್ಷಿ ಏನಿದೆ ಅತ್ತಿಗೆ?" ಅಂತ ಅವಳು ಕೇಳಿದಳು. ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಆದರೂ ವಿಚಾರಣೆಯ ಹಿಂದಿನ ದಿನದವರೆಗೂ ಹೋಗುವುದನ್ನು ಬಿಡಲಿಲ್ಲ. ಹಲ್ಗಿಂಜಪ್ಪ ಅವತ್ತು ಭಾರಿ ಖುಷಿಯಲ್ಲಿದ್ದ. "ನಾಳೆ ನಿಮ್ಮ ತಮಾಷೆ ಇದೆಯಲ್ಲ, ಇವತ್ತೇ ಆ ಕಪ್‌ಗಳನ್ನೆಲ್ಲ ಉಜ್ಜಿ ಇಟ್ಬಿಡಿ," ಅಂದ. ಕೋಪದಲ್ಲಿ ಅವನ ಫ್ಲಾಸ್ಕಿಗೆ ಕುದಿಯುವ ನೀರನ್ನೇ ಸುರಿದೆ. ನಾಲಿಗೆ ಸುಟ್ಟುಕೊಂಡು ಕುಣಿದಾಡಿದ. ಅಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡೆ.

ಅಧಿಕಾರಿಯ ಕೋಣೆಯಲ್ಲಿ ಫೈಲುಗಳ ನಡುವೆ ಒಂದು ಮೇಜು, ಅದರ ಹಿಂದೆ ನಿದ್ದೆಗೆಟ್ಟ ಮುಖದ ಒಬ್ಬ ಮನುಷ್ಯ. ಇವನಿಂದ ಏನಾದೀತು ಅಂತ ನನಗೆ ನೋಡಿದ ತಕ್ಷಣ ಅನ್ನಿಸಿತು. ಮುಂದಿನ ಸಾಲಿನಲ್ಲಿ ಹಲ್ಗಿಂಜಪ್ಪ ಕೂತ, ಅವನ ಹಿಂದೆ ನಾನು, ನನ್ನ ಪಕ್ಕ ನಾದಿನಿ. ದಿನಾ ಹೋಗಿದ್ದೆ, ಗಾಜು ಒರೆಸಿದೆ, ಟೀ ಕೊಟ್ಟೆ ಅಂತ ನಾನು ಹೇಳಿದೆ. ನಾದಿನಿ ನನ್ನ ಕಡೆ ಬಾಯಿ ತೆರೆದುಕೊಂಡು ನೋಡಿದಳು. ಅಧಿಕಾರಿ ಅವನ ಕಡೆ ತಿರುಗಿದರು.

"ಶುದ್ಧ ಸುಳ್ಳು ಸರ್," ಅಂದ ಅವನು. "ಇವರು ನನ್ನ ತಾಯಿ ಸಮಾನ. ಆದ್ರೆ ಲಾಂಡ್ರಿ ಕೆಲಸ ಮುಗಿದ ಮೇಲೆ ಇವರ ಮುಖಾನೇ ನಾನು ನೋಡಿಲ್ಲ. ಎಷ್ಟು ಸಲ ಫೋನ್ ಮಾಡಿದೀನಿ ಅಂತೀರಾ! ಇಂಥವರಿಗೆ ದುಡಿಯೋದು ಬೇಡ, ಕಾರ್ಡ್ ಮಾತ್ರ ಬೇಕು."

ಅಣ್ಣ ಹೋಗಿ ಮಗನಾದ. ಅವನು ಬಹಳ ಹೊತ್ತು ಮಾತಾಡಿದ. ಕುಟುಂಬ ಅಂದ, ನಂಬಿಕೆ ಅಂದ, ಕಣ್ಣಲ್ಲಿ ನೀರು ಬಂದಂತೆ ಮಾಡಿದ. ಅಧಿಕಾರಿ ಗಡಿಯಾರ ನೋಡಿಕೊಂಡರು, ಬರೆಯಲು ಪೆನ್ನು ಎತ್ತಿಕೊಂಡರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. ಮುಂದಿನ ವಾರ ನನ್ನ ಗಂಡನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಅಷ್ಟು ಸುಳ್ಳು ಹೇಳಿದ ಗಂಟಲು ಒಣಗದೆ ಇದ್ದೀತೆ? ಅವನಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಚೀಲದಿಂದ ಫ್ಲಾಸ್ಕು ತೆಗೆದ, ಅಲ್ಲಾಡಿಸಿದ, ಖಾಲಿ. ತಿರುಗಿ ನೋಡದೆ ಫ್ಲಾಸ್ಕು ಹಿಡಿದ ಕೈಯನ್ನು ಹಿಂದಕ್ಕೆ ಚಾಚಿದ.

"ಅಮ್ಮಾ, ಸ್ವಲ್ಪ ನೀರು ತನ್ನಿ. ನಿನ್ನೆ ಥರ ಸುಡೋದು ತರಬೇಡಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರ ನಿದ್ದೆ ಹಾರಿಹೋಗಿತ್ತು.

"ನಿನ್ನೆ ಎಲ್ಲಿ ತಂದಿದ್ರು?"

ಹಲ್ಗಿಂಜಪ್ಪನ ಕೈ ಹಿಂದಕ್ಕೆ ಚಾಚಿದ್ದು ಹಾಗೇ ಇತ್ತು. ಅದನ್ನು ಒಳಗೆ ಎಳೆದುಕೊಳ್ಳಬೇಕೆಂದು ಕೂಡ ತೋಚಲಿಲ್ಲ. "ಅದು ಸರ್... ಬಾಯಿತಪ್ಪಿ... ಅಭ್ಯಾಸ..."

"ಮುಖಾನೇ ನೋಡದವರ ಹತ್ರ ನೀರು ತರಿಸೋದು ಎಷ್ಟು ದಿನದ ಅಭ್ಯಾಸ ರೀ?"

ನಾನು ಎದ್ದು ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡೆ. ಹೊರಗಿನ ನೀರಿನ ಯಂತ್ರದಲ್ಲಿ ಬಿಸಿಯನ್ನೂ ತಣ್ಣನೆಯದನ್ನೂ ಹದವಾಗಿ ಬೆರೆಸಿ, ಉಗುರು ಬೆಚ್ಚಗೆ ಮಾಡಿ ತಂದು ಅವನ ಮುಂದಿಟ್ಟೆ. ಅಷ್ಟು ಪ್ರೀತಿಯಿಂದ ನಾನು ಯಾರಿಗೂ ನೀರು ತಂದುಕೊಟ್ಟದ್ದಿಲ್ಲ. ಅವನು ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಅಧಿಕಾರಿ ಬರೆಯುತ್ತಿದ್ದರು, ಬರೆದದ್ದನ್ನು ಓದಿ ಹೇಳಿದರು. ಈಕೆ ಕೆಲಸ ಬಿಟ್ಟಿಲ್ಲ, ಏಜೆನ್ಸಿಯ ನೌಕರಳಾಗಿಯೇ ಇದ್ದಾಳೆ, ಕಾರ್ಡನ್ನು ಇವತ್ತೇ ಸರಿಮಾಡಿಸಬೇಕು.

ನಾದಿನಿ ನನ್ನ ಕೈ ಅದುಮಿದಳು. ನಾನು ಸೆರಗು ಸರಿಮಾಡಿಕೊಂಡು ಅವನ ಎದುರಿಗೆ ಬಂದು ನಿಂತೆ.

"ನಾಳೆ ಎಷ್ಟು ಹೊತ್ತಿಗೆ ಬರ್ಲಿ ಸರ್?"

ಅವನು ಅಧಿಕಾರಿಯನ್ನು ನೋಡಿದ, ಗೋಡೆ ನೋಡಿದ, ಕೊನೆಗೆ ನನ್ನನ್ನು ನೋಡಿದ. ಇಷ್ಟು ದಿನದಲ್ಲಿ ಅವನು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಹಲ್ಲು ಕಾಣಿಸಲಿಲ್ಲ.

"ಯಾವಾಗ್ಲೂ ಬರೋ ಹೊತ್ತಿಗೇ ಬನ್ನಿ," ಅಂದ.

ಅಧಿಕಾರಿ ಅದನ್ನೂ ಬರೆದುಕೊಂಡರು.