ಎ ಜಗಳೂರಿಗೆ, ಬಿ ಹೊನ್ನಾಳಿಗೆ

ಕೆಂಚೇಶನ ಬಾಯಿಗೆ ಬಿದ್ದ ಇಲಿ ಆನೆಯಾಗಿಯೇ ಹೊರಗೆ ಬರುತ್ತಿತ್ತು. ಜಗಳೂರಿನ ಬಸ್ ಸ್ಟ್ಯಾಂಡಿನ ಎದುರು ಅವನ ವಿಡಿಯೊ ಲೈಬ್ರರಿ ಇದ್ದ ಕಾಲದಲ್ಲಿ ಸಿನಿಮಾ ಒಯ್ಯಲು ಬರುವವರಿಗಿಂತ ಅವನ ಮಾತು ಕೇಳಲು ಬರುವವರೇ ಹೆಚ್ಚು. ಬಿಳಿಚೋಡಿನ ಕುರಿಗಾಹಿಗಳು ಹಿಂಡನ್ನು ಅಂಗಡಿ ಮುಂದೆ ತರುಬಿ ಕೇಳುತ್ತ ನಿಂತರೆ ಕುರಿಗಳೂ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದವು. ದಾವಣಗೆರೆ ಬಸ್ಸು ತಡವಾಯಿತೆಂದರೆ ಪ್ರಯಾಣಿಕರು ಡ್ರೈವರನನ್ನು ಬೈಯುತ್ತಿರಲಿಲ್ಲ, ನೇರ ಕೆಂಚೇಶನ ಅಂಗಡಿಗೆ ಹೋಗಿ ಅಲ್ಲಿ ಮಾತು ಕೇಳುತ್ತ ಕೂತ ಡ್ರೈವರನನ್ನು ಎಬ್ಬಿಸಿಕೊಂಡು ಬರುತ್ತಿದ್ದರು. ಅಂಥವನಿಗೂ ಒಂದು ಕಥೆಯ ಕೊನೆ ಮಾತ್ರ ಗೊತ್ತಿರಲಿಲ್ಲ. ಒಂದಲ್ಲ, ಒಂದು ಗೋಣಿಚೀಲದಷ್ಟು ಕಥೆಗಳ ಕೊನೆ.

ಆ ಚೀಲ ತಂದವನು ತಮ್ಮ ಜಂಪಣ್ಣ. ಅಂಗಡಿ ಆಗ ಇಬ್ಬರದೂ. ಅಣ್ಣ ಗಲ್ಲಾದ ಮುಂದೆ ಕೂತು ಮಾತಾಡುವವನು, ತಮ್ಮ ಮಾತಾಡದೆ ಮೂಟೆ ಹೊರುವವನು. ಒಂದು ದಿನ ದಾವಣಗೆರೆಯಿಂದ ಬಂದವನೇ ಚೀಲ ಬಿಚ್ಚಿ ನೆಲದ ಮೇಲೆ ಸುರುವಿದ. ಬಿಳಿ ಕಾಗದದ ಕವರುಗಳು, ಒಳಗೆ ಡಿಸ್ಕು, ಡಿಸ್ಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ನಂಬರು. ಹೆಸರಿಲ್ಲ, ಚಿತ್ರವಿಲ್ಲ. ಒಂದೊಂದು ಸಿನಿಮಾ ಎರಡು ಡಿಸ್ಕು: ಇಂಟರ್‌ವಲ್ ತನಕದ್ದು ಎ, ಆಮೇಲಿನದು ಬಿ.

"ಏನೋ ಇದು, ರದ್ದಿ?"

"ಇಂಗ್ಲೆಂಡಿನವು ಅಣ್ಣ. ಅಂಗಡ್ಯಾಗೆ ಹಾಕಿ ತೋರಿಸಿದ್ರು. ಬರೀ ಕುದ್ರೆ. ಕುದ್ರೆ ಐತೆ ಅಂದ್ಮೇಲೆ ಕತ್ತಿ ಇರ್ತೈತೆ, ಕತ್ತಿ ಐತೆ ಅಂದ್ಮೇಲೆ ಫೈಟಿಂಗ್ ಇರ್ತೈತೆ."

ಕುದುರೆಗಳೇನೋ ಇದ್ದವು. ಕತ್ತಿಯನ್ನು ಹಿರಿಯುವ ಒಬ್ಬ ಗಂಡಸು ಇಡೀ ಚೀಲದಲ್ಲಿ ಸಿಗಲಿಲ್ಲ. ರಾಣಿ ಕಾಲದ ದೊರೆಗಳು ಸಾರೋಟಿನಿಂದ ಇಳಿಯುವರು, ಟೋಪಿ ತೆಗೆದು ಬಗ್ಗುವರು, ಟೀ ಕುಡಿಯುವರು, ಕಿಟಕಿಯ ಹೊರಗೆ ನೋಡುವರು, ಮತ್ತೆ ಸಾರೋಟು ಹತ್ತುವರು. ಒಬ್ಬ ಗಿರಾಕಿ ಒಯ್ದ ಸಿನಿಮಾವನ್ನು ಅರ್ಧ ಗಂಟೆಯಲ್ಲೇ ವಾಪಸು ತಂದು, "ಅವರ ಟೀ ತಣ್ಣಗಾಗೋ ಹೊತ್ತಿಗೆ ನಮ್ಮನೇಲಿ ಎಲ್ರೂ ಮಲಗಿದ್ರು" ಎಂದ. ಚೀಲ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎಬ್ಬಿಸಿದವಳು ಅವರ ತಾಯಿ ಅಂಜಮ್ಮ. ಮಕ್ಕಳಿಗೆ ಬುತ್ತಿ ತಂದವಳು ಅಂಗಡಿಯ ಟಿವಿ ಮುಂದೆ ಕೂತು ಒಂದನ್ನು ನೋಡಿದಳು. ಮತ್ತೊಂದು ಹಾಕಿಸಿದಳು. ಆಮೇಲೆ ಬುತ್ತಿ ಒಂದು ನೆಪವಾಯಿತು. ಇಂಗ್ಲಿಷಿನ ಒಂದಕ್ಷರ ಬಾರದ ಮುದುಕಿ ಆ ದೊರೆಸಾನಿಗಳ ಮನಸ್ಸನ್ನು ಅವರ ಹಡೆದ ತಾಯಿಗಿಂತ ಚೆನ್ನಾಗಿ ಓದುತ್ತಿದ್ದಳು.

"ಭಾಷೆ ತಿಳಿಯಲ್ಲ, ಏನು ನೋಡ್ತೀಯವ್ವ?" ಎಂದರೆ, "ಹುಡುಗಿ ಕೈ ನೋಡೋ. ಕಪ್ಪು ನಡುಗಾಕತ್ತೈತೆ. ಅವನು ಬಂದು ಹೋದದ್ದು ಗೊತ್ತಾಗಾಕೆ ಭಾಷೆ ಯಾಕೆ ಬೇಕು?" ಎನ್ನುವಳು. ಮಕ್ಕಳಿಬ್ಬರೂ ಆಗ ಒಂದನ್ನೂ ಕೂತು ನೋಡಿದವರಲ್ಲ.

ಹೀಗಿರುವಾಗ ಜಂಪಣ್ಣನಿಗೆ ಹೊನ್ನಾಳಿ ಕಡೆ ಸಾಸ್ವೆಹಳ್ಳಿಯ ಮಮತಾಳ ಜೊತೆ ಮದುವೆಯಾಯಿತು. ಮಾವನಿಗೆ ಗಂಡು ಮಕ್ಕಳಿಲ್ಲ. ಹೊನ್ನಾಳಿಯಲ್ಲಿ ಇನ್ನೊಂದು ಅಂಗಡಿ ತೆಗೆಯುತ್ತೇನೆ, ಮಾವನ ಗದ್ದೆಯನ್ನೂ ನೋಡಿಕೊಂಡಂತಾಯಿತು ಎಂದು ಅವನು ಅಣ್ಣನಿಗೆ ಮೆತ್ತಗೆ ಹೇಳಿದ. ಕೆಂಚೇಶ ಆಗಲೆಂದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಕೆಂಚೇಶ ಕೆಂಚೇಶನಾಗುತ್ತಿರಲಿಲ್ಲ. ಸಂತೆಯ ದಿನ, ಅಂಗಡಿ ತುಂಬ ಜನ, ಯಾರೋ ಕೇಳಿದರು: "ತಮ್ಮ ಹೊನ್ನಾಳಿಗೆ ಹೊಂಟಾನಂತೆ?"

"ಬ್ರಾಂಚ್ ಮ್ಯಾನೇಜರ್ ಆಗಿ ಹೊಂಟಾನೆ ಅನ್ಕಂಡ್ರೇನು?" ಎಂದ ಕೆಂಚೇಶ. "ಮಾವನ ಎಮ್ಮೆ ಮೈ ತೊಳೆಯಾಕ್ರಿ! ಮನೆ ಅಳಿಯ ಅಂದ್ರೆ ಏನ್ ತಿಳ್ಕಂಡ್ರಿ? ಬೆಳಿಗ್ಗೆ ಎಮ್ಮೆಗೆ ಹುಲ್ಲು, ಆಮೇಲೆ ಎಮ್ಮೆಗೆ ನೀರು, ಎಮ್ಮೆ ಉಂಡು ಉಳಿದ್ರೆ ಅಳಿಯಗೆ!"

ಜನ ನಕ್ಕ ನಗುವಿಗೆ ಅಂಗಡಿಯ ತಗಡು ಒಂದು ಗೇಣು ಮೇಲೆದ್ದು ಕೂತಿತು. ಹೆಂಡತಿಯ ಚಿಕ್ಕಪ್ಪಂದಿರ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಜಂಪಣ್ಣ ಹೆಗಲ ಮೇಲಿನ ಪೆಟ್ಟಿಗೆಯನ್ನು ನಿಧಾನಕ್ಕೆ ಕೆಳಗಿಟ್ಟ. ಆ ಪೆಟ್ಟಿಗೆಯನ್ನು ಅವನು ಮತ್ತೆ ಎತ್ತಲೇ ಇಲ್ಲ.

ಪಾಲು ಮಾಡಲು ಹಿರಿಯ ಜಯಪ್ಪ ಬಂದರು. ಮೆಕ್ಕೆಜೋಳದ ವ್ಯಾಪಾರಿ, ಜೀವಮಾನದಲ್ಲಿ ಒಂದು ಸಿನಿಮಾ ನೋಡಿದವರಲ್ಲ, ಆದರೆ ರಾಶಿ ಮಾಡುವುದರಲ್ಲಿ ಅವರ ಕೈ ತಕ್ಕಡಿಗಿಂತ ನಿಖರ. ಕನ್ನಡದ ಡಿಸ್ಕುಗಳನ್ನು ನಿನಗೊಂದು ಅವನಿಗೊಂದು ಎಂದು ಹಂಚಿದರು. ಇಂಗ್ಲಿಷ್ ಚೀಲ ಬಂದಾಗ ಕನ್ನಡಕ ಏರಿಸಿ ನೋಡಿ, "ಎ ಅಂದ್ರೆ ದೊಡ್ಡೋನು, ಬಿ ಅಂದ್ರೆ ಸಣ್ಣೋನು. ಎಲ್ಲಾ ಎ ಕೆಂಚೇಶಗೆ, ಎಲ್ಲಾ ಬಿ ಜಂಪಣ್ಣಗೆ. ಲೆಕ್ಕ ಸಮಾ ಆತು ನೋಡ್ರಿ. ಒಪ್ಪಿಗೇನಾ?" ಎಂದರು.

ಇದು ಹುಚ್ಚು ಪಾಲು ಎಂದು ಅಣ್ಣನಿಗೂ ಗೊತ್ತು, ತಮ್ಮನಿಗೂ ಗೊತ್ತು. ಆದರೆ ಅಲ್ಲವೆನ್ನಲು ಒಬ್ಬ ಇನ್ನೊಬ್ಬನ ಮುಖ ನೋಡಬೇಕಿತ್ತು.

"ಒಪ್ಪಿಗೆ" ಎಂದ ಕೆಂಚೇಶ, ಗೋಡೆ ನೋಡುತ್ತ.

"ಒಪ್ಪಿಗೆ" ಎಂದ ಜಂಪಣ್ಣ, ಬಾಗಿಲು ನೋಡುತ್ತ.

ಹೀಗೆ ಇಂಗ್ಲೆಂಡಿನ ದೊರೆಸಾನಿಗಳ ಕಣ್ಣು ಜಗಳೂರಿನಲ್ಲಿ ಕೂಡಿದವು, ಮದುವೆಯಾಯಿತೋ ಇಲ್ಲವೋ ಹೊನ್ನಾಳಿಗೆ ಹೋಯಿತು.

ಅಂಜಮ್ಮನೂ ಪಾಲಾದಳು. ಸುಗ್ಗಿಯ ತನಕ ದೊಡ್ಡ ಮಗನ ಮನೆ, ಆಮೇಲೆ ಸಣ್ಣ ಮಗನ ಮನೆ. ಜಗಳೂರಿನಲ್ಲಿದ್ದಾಗ ಎಗಳನ್ನು ನೋಡುವಳು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಹೋಗಿ ಬಿಗಳನ್ನು ನೋಡುವಳು. ಜಗಳೂರು, ಹೊನ್ನಾಳಿ ಮಾತ್ರವಲ್ಲ, ಅತ್ತ ನ್ಯಾಮತಿ ಇತ್ತ ಚನ್ನಗಿರಿಯ ತನಕ ಹುಡುಕಿದರೂ ಆ ಸಿನಿಮಾಗಳನ್ನು ಪೂರ್ತಿ ನೋಡಿದ ಜೀವ ಅದೊಂದೇ. ಬಂದವಳನ್ನು ಬಸ್ಸಿನಿಂದ ಇಳಿಸಿಕೊಳ್ಳುವಾಗಲೇ ಕೆಂಚೇಶ ಕೇಳುವನು.

"ಅವ್ವ, ಆ ಹದಿನಾಲ್ಕನೇ ನಂಬರು. ಮಳೇಲಿ ನೆಂದ್ಲಲ್ಲ ಹುಡುಗಿ, ಅವಳು ಕೊನೀಗೆ ಏನಾದ್ಲು?"

"ಅಣ್ಣ ತಮ್ಮ ಇಬ್ರೂ ಒಂದು ಕಡೆ ಕುಂತ್ಕಳ್ರಿ, ಹೇಳ್ತೀನಿ."

"ಬರೀ ಸತ್ಲೋ ಬದುಕಿದ್ಲೋ ಹೇಳು."

"ಪೂಜಾ, ನಿಮ್ಮಪ್ಪಗೆ ಒಂದು ಲೋಟ ನೀರು ಕೊಡು. ಭಾಳ ಬಾಯಾರೈತೆ ಅವಂಗೆ" ಎಂದು ಮೊಮ್ಮಗಳಿಗೆ ಹೇಳಿ ಅವಳು ಒಳಗೆ ನಡೆಯುವಳು.

ಕೆಂಚೇಶ ಸೋಲುವ ಆಸಾಮಿಯಲ್ಲ. ಎ ನೋಡಿ ಬಿ ಕೇಳಿಕೊಂಡು ಬಂದ ಗಿರಾಕಿಗಳಿಗೆ ಕೊನೆಯನ್ನು ಅವನೇ ಹೇಳತೊಡಗಿದ. ಮಳೆಯಲ್ಲಿ ನೆಂದವಳನ್ನು ದೊರೆ ಆನೆಯ ಮೇಲೆ ಕೂರಿಸಿಕೊಂಡು ಹೋದ. ವಿಲ್ಲು ಬರೆದು ಸತ್ತ ಮುದುಕಿ ಮೂರನೇ ದಿನ ಎದ್ದು ಬಂದು ವಿಲ್ಲು ಹರಿದಳು. ಜಿಪುಣ ಮಾವನಿಗೆ ಇಂಗ್ಲೆಂಡಿನ ನಾಗರಹಾವು ಕಚ್ಚಿತು. ಇದನ್ನೆಲ್ಲ ಅವನು ಬೇಕೆಂದೇ ತಾಯಿಗೆ ಕೇಳುವಂತೆ ಹೇಳುತ್ತಿದ್ದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರೆ ಸುಳ್ಳು ಭಾರಿ ದೂರ ಬಿದ್ದಿದೆ ಎಂದರ್ಥ. ಸುಮ್ಮನಾದರೆ ಎಲ್ಲೋ ಹತ್ತಿರ ಬಂದಿದೆ. ಹಾಗೆ ಆ ಮುಖ ನೋಡಿಕೊಂಡೇ ಅವನು ವರ್ಷಗಟ್ಟಲೆ ಕೊನೆಗಳನ್ನು ಹುಡುಕಿದ. ತಮ್ಮನ ಮನೆಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ; ಅದೊಂದನ್ನು ಬಿಟ್ಟು ಉಳಿದೆಲ್ಲ ದಾರಿಯಲ್ಲೂ ಹುಡುಕಿದ.

ಡಿಸ್ಕಿನ ಕಾಲ ಮುಗಿಯಿತು. ಅಂಗಡಿ ಮೊಬೈಲ್ ರೀಚಾರ್ಜಿನದಾಯಿತು. ಮಗಳು ಪೂಜಾ ಫೋನಿನಲ್ಲಿ ಹುಡುಕಿಕೊಡುತ್ತೇನೆಂದು ಕೂತಳು.

"ಹೆಸರೇನಪ್ಪ?"

"ಹೆಸರಿಲ್ಲ. ಹದಿನಾಲ್ಕು ಎ."

"ಕಥೆ ಹೇಳು ಹಂಗಾರೆ."

"ದೊಡ್ಡ ಮನೆ ಇರ್ತೈತೆ. ಟೋಪಿ ಹಾಕ್ಕಂಡ ಹುಡುಗಿ. ಸಾರೋಟು ಬರ್ತೈತೆ."

ಪೂಜಾ ಹುಡುಕಿದಳು. ದೊಡ್ಡ ಮನೆ, ಟೋಪಿ, ಸಾರೋಟು ಇರುವ ಸಿನಿಮಾಗಳು ಫೋನಿನ ಗಾಜು ಬಿರಿಯುವಷ್ಟು ಬಂದವು. "ಇದಾ?" "ಅಲ್ಲ." "ಇದಾ?" "ಇರಬೇಕು... ಅಲ್ಲ." ಎಲ್ಲ ಮನೆಗಳೂ ಒಂದೇ ಥರ, ಎಲ್ಲ ದೊರೆಗಳಿಗೂ ಒಂದೇ ಮೂಗು. ಅಜ್ಜಿಯನ್ನು ಕರೆದು ತೋರಿಸಿದರೆ, "ನಂಗೆ ಕಣ್ಣು ಮಂಜು ಕಣವ್ವ" ಎಂದು ಅವಳು ಕನ್ನಡಕ ತೆಗೆದು ಕೂತಳು.

ಕಳೆದ ವರ್ಷ ಕಾರ್ತಿಕದಲ್ಲಿ ಅಂಜಮ್ಮ ಸಾಸ್ವೆಹಳ್ಳಿಯಲ್ಲಿ ತೀರಿಕೊಂಡಳು. ಕೆಂಚೇಶ ಹೋಗುವಷ್ಟರಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಚಟ್ಟಕ್ಕೆ ಅಣ್ಣ ಮುಂದೆ ಹೆಗಲು ಕೊಟ್ಟ, ತಮ್ಮ ಹಿಂದೆ ಹೆಗಲು ಕೊಟ್ಟ. ಹಾಗಾಗಿ ಅಂದೂ ಮುಖ ನೋಡುವ ಪ್ರಮೇಯ ಬರಲಿಲ್ಲ.

ಆಮೇಲೊಂದು ದಿನ ಟೀ ಅಂಗಡಿಯಲ್ಲಿ ಯಾರೋ ಹಳೆಯ ಗಿರಾಕಿ, "ಕೆಂಚೇಶಣ್ಣ, ಆ ಆನೆ ದೊರೆ ಕಥೆ ಹೇಳ್ರಿ" ಎಂದ. ಕೆಂಚೇಶ ಶುರು ಮಾಡಿದ. ಆನೆಗೆ ರೆಕ್ಕೆ ಕಟ್ಟಿದ, ಥೇಮ್ಸ್ ನದಿ ಹಾರಿಸಿದ. ಜನ ನಕ್ಕರು. ಅವನು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದ. ಸೆರಗು ಒತ್ತಿಕೊಂಡವರು ಅಲ್ಲಿ ಯಾರೂ ಇರಲಿಲ್ಲ. ಆನೆಯನ್ನು ನದಿಯ ಮೇಲೆಯೇ ಬಿಟ್ಟು ಅವನು ಎದ್ದು ಮನೆಗೆ ಹೋದ. ಅಟ್ಟದಿಂದ ಎಗಳನ್ನೆಲ್ಲ ಇಳಿಸಿ ಕೈಚೀಲಕ್ಕೆ ತುಂಬಿದ. ಮರುದಿನ ಹೊನ್ನಾಳಿ ದಾರಿ ಹಿಡಿದ.

ಬಸ್ಸಿನಲ್ಲಿ ಇಡೀ ದಾರಿ ಅವನು ಒಂದು ಮಾತಾಡಲಿಲ್ಲ. ಇದನ್ನು ಜಗಳೂರಿನವರು ಇಂದಿಗೂ ನಂಬುವುದಿಲ್ಲ.

ಜಂಪಣ್ಣ ಗದ್ದೆಯಲ್ಲಿದ್ದ. ಬತ್ತ ತೆನೆ ಕಟ್ಟಿತ್ತು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಹಗ್ಗ ಕಟ್ಟಿ, ಹಕ್ಕಿ ಬೆದರಲೆಂದು ಡಿಸ್ಕುಗಳನ್ನು ತೂಗುಬಿಟ್ಟಿದ್ದ. ಗಾಳಿಗೆ ತಿರುಗಿ ಅವು ಬಿಸಿಲನ್ನು ಕಣ್ಣಿಗೆ ಎರಚುತ್ತಿದ್ದವು. ಕೆಂಚೇಶ ಹತ್ತಿರದ ಒಂದನ್ನು ಹಿಡಿದು ನಿಲ್ಲಿಸಿದ. ಮಾಸಿದ ಸ್ಕೆಚ್ ಪೆನ್ನು: ಒಂಬತ್ತು ಬಿ.

"ಅವ್ವನ ಕಣ್ಣು ಹೋದ್ಮೇಲೆ ಇನ್ಯಾರು ನೋಡ್ತಾರೆ ಅಂತ ಕಟ್ಟಿದೆ" ಎಂದ ಜಂಪಣ್ಣ, ಹಿಂದಿನಿಂದ. ಬಂದೆಯಾ ಎನ್ನಲಿಲ್ಲ, ಯಾಕೆ ಬಂದೆ ಎಂದೂ ಅನ್ನಲಿಲ್ಲ.

"ಹದಿನಾಲ್ಕು ಎಲ್ಲೈತೆ?"

ಹಗ್ಗದ ಉದ್ದಕ್ಕೂ ನಡೆದು ಹುಡುಕಿದರು. ಸಿಕ್ಕಿತು. ಮನೆಯಲ್ಲಿ ಮಮತಾ ಹಳೆಯ ಪ್ಲೇಯರಿನ ಧೂಳು ಒರೆಸಿ ತಂತಿ ಸಿಕ್ಕಿಸಿದಳು. "ಮೊದ್ಲು ನಿಂದು ಹಾಕು ಅಣ್ಣ. ನಾನು ಶುರುವನ್ನ ನೋಡೇ ಇಲ್ಲ" ಎಂದ ಜಂಪಣ್ಣ.

"ನಂದು ಹೊಸಾದು ಇದ್ದಂಗೆ ಐತೆ, ಕನ್ನಡಿ!" ಎಂದು ಕೆಂಚೇಶ ಕವರು ತೆಗೆದ. ಜಗಳೂರಿನ ತಗಡಿನ ಶಾಖಕ್ಕೆ ಬೆಳ್ಳಿ ಬಣ್ಣ ಹಪ್ಪಳದಂತೆ ಎದ್ದು ಕವರಿನಲ್ಲೇ ಉಳಿಯಿತು. ಪ್ಲೇಯರು ಗರಗರ ತಿರುಗಿಸಿ, ಡಿಸ್ಕ್ ಇಲ್ಲ ಎಂದು ನೀಲಿ ಪರದೆ ತೋರಿಸಿತು. ಬಿ ಹಾಕಿದರು. ಬಿಸಿಲು ಕುಡಿದ ಅದನ್ನೂ ಉಗುಳಿತು. ಚೀಲದಲ್ಲಿದ್ದ ಒಂದೂ ಓಡಲಿಲ್ಲ.

"ಬಾಯಲ್ಲೇ ಹೇಳ್ರಲ್ಲ" ಎಂದಳು ಮಮತಾ. "ನೀವು ಶುರು ಹೇಳ್ರಿ ಬಾವ, ಇವರು ಕೊನೆ ಹೇಳ್ಲಿ."

ಕೆಂಚೇಶ ಗಂಟಲು ಸರಿಮಾಡಿಕೊಂಡ. ಅಂದು ಅವನು ಆನೆ ತರಲಿಲ್ಲ, ಹಾವು ಬಿಡಲಿಲ್ಲ, ಕಂಡದ್ದನ್ನಷ್ಟೇ ಹೇಳಿದ. "ಅಕ್ಕ ತಂಗಿ ಇರ್ತಾರೆ. ತಂಗಿಗೆ ನಾನು ಮಲ್ಲಿ ಅಂತ ಹೆಸರಿಟ್ಟಿದ್ದೆ. ಮಲ್ಲಿ ಮಳೇಲಿ ನೆನೀತಾಳೆ. ಕರೀ ಕೋಟಿನೋನು ಎತ್ಕಂಡು ಬರ್ತಾನೆ."

"ತಂಗಿ ಯಾರು? ನಂದ್ರಲ್ಲಿ ತಂಗೀನೇ ಇಲ್ಲ. ಒಬ್ಳು ಹಾಸಿಗೆ ಹಿಡಿದಿರ್ತಾಳೆ, ಅವಳಿಗೆ ನಾನು ಬಿಳಿಯವ್ವ ಅಂತಿದ್ದೆ."

"ಅವಳೇ ಇರಬೇಕು. ಬಿಳಿಯವ್ವಗೆ ಗಲ್ಲದ ಮೇಲೆ ಮಚ್ಚೆ ಐತಾ?"

"ಗೊತ್ತಿಲ್ಲ. ಆ ಕಡೆ ತಿರುಗಿ ಮಲಗಿರ್ತಾಳೆ. ಕರೀ ಕೋಟಿನೋನು ಒಬ್ಬ ಬರ್ತಾನೆ, ಆದ್ರೆ ಅವನು ವಯಸ್ಸಾದೋನು."

"ನನ್ನೋನಿಗೆ ವಯಸ್ಸೇನಿಲ್ಲ."

"ಹಂಗಾದ್ರೆ ಅವನಲ್ಲ."

"ಇಂಟರ್‌ವಲ್‌ನಾಗೆ ವಯಸ್ಸಾಗಿರಬೇಕು ಕಣೋ."

ಮಧ್ಯಾಹ್ನವೆಲ್ಲ ಸೇರಿಸಿ ನೋಡಿದರು. ಮಲ್ಲಿಯನ್ನು ಬಿಳಿಯವ್ವನ ಪಕ್ಕ ಮಲಗಿಸಿದರು, ಎಬ್ಬಿಸಿ ಅಕ್ಕನನ್ನು ಮಲಗಿಸಿದರು. ಒಂಬತ್ತನೇ ನಂಬರಿನ ದೊರೆಯನ್ನು ತಂದು ಹದಿನಾಲ್ಕಕ್ಕೆ ಕೂರಿಸಿದರು. ಯಾವ ಅರ್ಧವೂ ಯಾವ ಅರ್ಧಕ್ಕೂ ಹೊಂದಲಿಲ್ಲ. ಯಾರು ಯಾರೆಂದು ಬೆರಳು ತೋರಿಸಿ ಹೇಳಬಲ್ಲವಳು ಹೊಳೆಯ ದಂಡೆಯ ಮಣ್ಣಿನಲ್ಲಿದ್ದಳು.

ನೀಲಿ ಪರದೆ ನೋಡುತ್ತಲೇ ಕೆಂಚೇಶ ಮೆತ್ತಗೆ, "ಅವತ್ತು ಅಂಗಡ್ಯಾಗೆ ನಾನು ಅಂದದ್ದು..." ಎಂದು ಶುರು ಮಾಡಿದ.

"ಎಮ್ಮೆ ಹಟ್ಟಿ ತುಂಬ ಅದಾವೆ ಈಗ" ಎಂದ ಜಂಪಣ್ಣ. "ದಿನಾ ನಾನೇ ಮೈ ತೊಳೀತೀನಿ. ತೊಳೆಯೋವಾಗೆಲ್ಲ ನೆನಪಾಗ್ತೈತೆ."

ಕೆಂಚೇಶ ತಡಕಾಡಿ, ಬೇರೇನೋ ಹಿಡಿದ. "ಬಿಗಳು ನೋಡ್ತಾ ಅವ್ವ ಎಲ್ಲೆಲ್ಲಿ ನಗೋಳು? ಅದಾದ್ರೂ ಹೇಳು. ಅದ್ರಿಂದ ಗೊತ್ತಾಗಬಹುದು."

"ನಗಾದಾ?" ಜಂಪಣ್ಣ ಅಣ್ಣನ ಮುಖವನ್ನು ಮೊದಲ ಸಲ ನೇರ ನೋಡಿದ. "ಅವ್ವ ಇಲ್ಲಿ ಎಂದೂ ನಗಲಿಲ್ಲ. ಡಿಸ್ಕು ಹಾಕಿದಾಗಿಂದ ತೆಗೆಯೋ ತನಕ ಅಳಾದೇ. ಸಾಕು ಬಿಡವ್ವ ಅಂದ್ರೂ ಕೇಳ್ತಿರಲಿಲ್ಲ, ಇನ್ನೊಂದು ಹಾಕು ಅನ್ನೋಳು."

"ಅವ್ವ ಅತ್ತಿದ್ದು ನಾನು ನೋಡೇ ಇಲ್ಲ" ಎಂದ ಕೆಂಚೇಶ. "ಅಪ್ಪ ಹೋದಾಗಲೂ ನೋಡಿಲ್ಲ. ನಮ್ಮಲ್ಲಿ ನಕ್ಕೂ ನಕ್ಕೂ ಪಕ್ಕೆ ಹಿಡ್ಕಂಡು ಕುಂದ್ರೋಳು."

"ಹೆಂಗೆ ನಗೋಳು?"

ಕೆಂಚೇಶ ನೆಟ್ಟಗೆ ಕೂತ. ತಾಲ್ಲೂಕಿನ ಯಾರ ದನಿಯನ್ನು ಬೇಕಾದರೂ ತೆಗೆಯಬಲ್ಲವನು ಅವನು. ತಹಸೀಲ್ದಾರರ ಕೆಮ್ಮನ್ನು ತಹಸೀಲ್ದಾರರಿಗೇ ಮಾಡಿ ತೋರಿಸಿದವನು. ಹೆಗಲ ಮೇಲಿನ ಟವೆಲ್ಲನ್ನು ಸೆರಗಿನಂತೆ ಬಾಯಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ದನಿ ಹೊರಡಲಿಲ್ಲ. ಟವೆಲ್ಲು ತೆಗೆದು, ಮತ್ತೆ ಒತ್ತಿಕೊಂಡ.

ಜಂಪಣ್ಣ ಎದುರಿಗೆ ಕೂತು ಕಾಯುತ್ತಿದ್ದ.