ಖೋಯ್ ತೂಬು ತೆರೆದ ದಿನ

ಸಿಗಡಿ ಹೊಂಡದ ಅಂಚಿಗೆ ಬಂತೆಂದರೆ ಸಾಕಿದವರ ಎದೆ ಧಸಕ್ಕೆನ್ನುತ್ತದೆ. ಆರೋಗ್ಯವಾಗಿರುವ ಸಿಗಡಿ ಹಾಡಹಗಲಲ್ಲಿ ದಡಕ್ಕೆ ಬಂದು ಮಂಕಾಗಿ ತೇಲುವುದಿಲ್ಲ. ಕಾ ಮಾವ್ ಎಂಬ ಕಡಲಂಚಿನ ಸೀಮೆಯ ಒಂದು ಕಾಲುವೆ ಊರಿನಲ್ಲಿ ಥೋಮ್ ಬೆಳಿಗ್ಗೆ ಮೇವು ಹಾಕಲು ಹೋದಾಗ ಹತ್ತಾರು ಸಿಗಡಿಗಳು ಹಾಗೆಯೇ ತೇಲುತ್ತಿದ್ದವು. ಒಂದನ್ನು ಎತ್ತಿ, ತಲೆಯ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದಳು. ಬಿಳಿ ಚುಕ್ಕೆಗಳು.

ಅಂದು ಮಾವನ ತಿಥಿ. ಅಡುಗೆಗೆ ನೆರವಾಗಲು ಅಕ್ಕ ಬಿಕ್ ಬಂದಿದ್ದಳು. ಅವಳು ಸಿಗಡಿ ಮರಿ ಪರೀಕ್ಷೆ ಮಾಡುವ ಕಡೆ ಕೆಲಸಕ್ಕಿದ್ದವಳು. ಥೋಮ್ ಕೂಗಿದ ಕೂಗಿಗೆ ಅಕ್ಕನೂ ಬಂದಳು, ಗಂಡ ಖೋಯ್‌ನೂ ಬಂದ.

"ಸಾಧ್ಯವೇ ಇಲ್ಲ," ಅಂದ ಖೋಯ್. "ಹೋದ ಬೆಳೆಯಲ್ಲೇ ಈ ಬಿಳಿ ಚುಕ್ಕೆ ರೋಗ ಬಂದು ಹೋಯ್ತು. ಬದುಕಿದ್ದನ್ನ ನಾನು ಹೊಂಡದಲ್ಲೇ ಬಿಟ್ಟಿದ್ದೆ. ಅವು ಗಟ್ಟಿ ಜೀವ."

"ಹೊಂಡ ಒಣಗಿಸಲಿಲ್ವಾ? ಅದರ ಮೇಲೇ ಹೊಸ ಮರಿ ಬಿಟ್ಯಾ?" ಬಿಕ್ ತಲೆ ಚಚ್ಚಿಕೊಂಡಳು.

"ಒಂದ್ಸಲ ದಡಾರ ಎದ್ದ ಮಗೂಗೆ ಮತ್ತೆ ಏಳುತ್ತಾ ಅತ್ತಿಗೆ? ಇದೂ ಹಂಗೇ."

"ಮಗು ಬೇರೆ, ಸಿಗಡಿ ಬೇರೆ ಮಾರಾಯ. ಇಲ್ನೋಡು, ಚಿಪ್ಪಿನ ಮೇಲೆ ಕಪ್ಪು ಕಲೆ. ಯಾವಾಗಲೋ ಆದ ಗಾಯ. ಕ್ರಿಮಿ ಒಳಗೆ ನುಗ್ಗಿದ ಕೂಡಲೆ ರಕ್ತದಲ್ಲಿರೋ ಕಾವಲು ಕಣಗಳು ಓಡಿಬಂದು, ಸುತ್ತುಗಟ್ಟಿ, ಕಪ್ಪಗೆ ಗಟ್ಟಿ ಮಾಡಿ, ಅಲ್ಲೇ ಹೂತುಬಿಡ್ತವೆ. ಏಡಿಗೂ ಜೇನುಹುಳಕ್ಕೂ ಇದೇ ಕಾವಲು."

"ಅಷ್ಟೆಲ್ಲಾ ಹೊಡೆದಾಡೋ ಜೀವ ಈ ರೋಗಕ್ಕೆ ಯಾಕೆ ಸಾಯುತ್ತೆ?"

"ಈ ವೈರಸ್ಸು ಕಣದ ಒಳಗೇ ಹೊಕ್ಕು ಕೂರುತ್ತೆ, ಕಾವಲಿಗೆ ಸಿಗಲ್ಲ. ನಮ್ಮ ಮೈ ದಡಾರದ ಗುರುತು ಇಟ್ಕೊಳ್ಳುತ್ತೆ. ಸಿಗಡಿ ಮೈಗೆ ನಮ್ಮಂಥ ನೆನಪಿಲ್ಲ. ನೀನು ಗಟ್ಟಿ ಜೀವ ಅಂತ ಉಳಿಸ್ಕೊಂಡೆಯಲ್ಲ, ಅವೇ ರೋಗ ಹೊತ್ಕೊಂಡು ತಿರುಗಿ ಮರಿಗಳಿಗೆ ಅಂಟಿಸಿವೆ."

ಬಿಕ್ ಗದರಿಸಿಯೇ ಹೇಳಿದಳು: "ತೂಬು ಮುಟ್ಟಬೇಡ. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಹಾಗೇ ನಿಲ್ಲಿಸು. ಮೀನುಗಾರಿಕೆ ಕಚೇರಿಯವರನ್ನ ಕರೆಸು. ಮೊದಲು ಲುವಾನ್‌ಗೆ ಹೇಳು."

ಲುವಾನ್ ಖೋಯ್‌ನ ತಮ್ಮ. ಅದೇ ಕಾಲುವೆಯ ನೀರನ್ನು ತನ್ನ ಸಿಗಡಿ ಹೊಂಡಕ್ಕೆ ಕಟ್ಟುವವನು. ಬೇಸಿಗೆಯಿಡೀ ಹೊಂಡ ಒಣಗಿಸಿ, ಸುಣ್ಣ ಎರಚಿ, ಪರೀಕ್ಷೆಯಾದ ಮರಿ ತಂದು ಬಿಟ್ಟಿದ್ದ. ಮನೆಯಲ್ಲಿದ್ದುದನ್ನೆಲ್ಲ ಆ ಹೊಂಡಕ್ಕೇ ಸುರಿದಿದ್ದ.

"ಸಂಜೆ ಊಟಕ್ಕೆ ಬರ್ತಾನಲ್ಲ, ಆಗ ಹೇಳ್ತೀನಿ," ಅಂದ ಖೋಯ್. ಥೋಮ್ ನಂಬಿದಳು. ನಂಬಿ ಅಡುಗೆಮನೆಗೆ ಹೋದಳು. ಆ ನಂಬಿಕೆಗೆ ಅವಳು ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾಳೆ.

ಸುದ್ದಿ ಹಬ್ಬಿದರೆ ಕೊಳ್ಳುವವರು ಉಳಿದ ಸಿಗಡಿಯನ್ನು ಮೂಸಿಯೂ ನೋಡುವುದಿಲ್ಲ ಎಂಬ ಭಯ ಖೋಯ್‌ಗೆ. ಆ ಊರಿನಲ್ಲಿ ಎಲ್ಲರೂ ಕದ್ದು ಮಾಡುವುದನ್ನೇ ಅವನೂ ಮಾಡಿದ. ಕಡಲಿನ ಇಳಿತದ ಹೊತ್ತು ನೋಡಿ, ತೂಬು ಎತ್ತಿ, ರೋಗದ ನೀರನ್ನು ಕಾಲುವೆಗೆ ಬಿಟ್ಟ.

ಸಂಜೆ ಲುವಾನ್ ಬಾತುಕೋಳಿ ಹಿಡಿದುಕೊಂಡು ನಗುನಗುತ್ತಾ ಬಂದ. ಅಪ್ಪನ ಪಟಕ್ಕೆ ಊದುಬತ್ತಿ ಹಚ್ಚಿ ಎಲೆಯ ಮುಂದೆ ಕುಳಿತ.

"ಅಣ್ಣಾ, ಬೆಳಿಗ್ಗೆ ನಿನ್ನ ತೂಬು ತೆರೆದಿತ್ತು. ಅಣ್ಣ ನೀರು ಬದಲಾಯಿಸ್ತಿದ್ದಾನೆ, ಕಾಲುವೆ ನೀರು ಚೆನ್ನಾಗಿರಬೇಕು ಅಂದ್ಕೊಂಡು, ಭರತ ಏರಿದ ಕೂಡಲೆ ನಾನೂ ಹೊಂಡ ತುಂಬಿಸ್ಕೊಂಡೆ."

ಥೋಮ್ ಕೈಯಲ್ಲಿದ್ದ ಸಾರಿನ ಬಟ್ಟಲು ಹಾಗೇ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ಅನ್ನ ಕಲಸುತ್ತಲೇ ಇದ್ದ.

"ಹೇಳ್ರೀ," ಅಂದಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

ಕೊನೆಗೆ ಹೇಳಿದವಳು ಅವಳೇ. ಲುವಾನ್ ಕೂಗಾಡಲಿಲ್ಲ. ಎದ್ದು ಕೈ ತೊಳೆದು ಹೊರಟುಹೋದ. ವಾರ ಕಳೆಯುವುದರೊಳಗೆ ಅವನ ಮರಿಗಳೂ ದಡಕ್ಕೆ ಬಂದವು. ಖೋಯ್ ಬ್ಲೀಚಿಂಗ್ ಪುಡಿಯ ಮೂಟೆ ಹೊತ್ತು ಅವನ ಹೊಂಡಕ್ಕೆ ಓಡಿದ. ಈಗ ಅವನಿಗೆ ಎಲ್ಲವೂ ಅರ್ಥವಾಗಿತ್ತು, ಅತ್ತಿಗೆಯ ಒಂದೊಂದು ಮಾತೂ.

ಲುವಾನ್ ಮೂಟೆ ಇಳಿಸಿಕೊಂಡ. ನೀರನ್ನೇ ನೋಡುತ್ತಾ ಹೇಳಿದ: "ಮುಂದಿನ ವರ್ಷದಿಂದ ಅಪ್ಪನ ತಿಥಿ ನಾನು ನಮ್ಮನೇಲೇ ಮಾಡ್ಕೋತೀನಿ. ನೀವು ಬರೋದು ಬೇಡ."

ಸಿಗಡಿ ಸಾಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ರೋಗದಿಂದ ಉಳಿದ ಸಿಗಡಿಯನ್ನು ಗಟ್ಟಿ ಜೀವವೆಂದು ಹೊಂಡದಲ್ಲಿ ಬಿಡಬೇಡಿ. ಬೆಳೆ ಮುಗಿದ ಮೇಲೆ ಹೊಂಡ ಒಣಗಿಸಿ, ಪರೀಕ್ಷೆಯಾದ ಮರಿಯನ್ನೇ ತನ್ನಿ. ಬಿಳಿ ಚುಕ್ಕೆ ಕಂಡರೆ ತೂಬು ಎತ್ತಬೇಡಿ. ಪಕ್ಕದ ಹೊಂಡದವರಿಗೆ ಹೇಳಿ. ನಾಚಿಕೆಯಾದರೂ ಹೇಳಿ. ಅವರು ನೀರು ಕಟ್ಟುವ ಮೊದಲೇ ಹೇಳಿ.