ಮಣ್ಣು ತಿನ್ನದ ಧೋತರ

ನಾನು ಒಂದು ಹತ್ತಿಯ ಧೋತರ. ಈಗ ಉಳಿದಿರುವುದು ಮೊಳದುದ್ದದ ಚೂರು. ಮಗ್ಗದಲ್ಲಿ ನಾವು ಜೋಡಿಯಾಗಿ ಹುಟ್ಟಿದೆವು. ನೇಕಾರ ನಡುವೆ ಕತ್ತರಿಸದೆ ಮಡಚಿ ಮಾರಿದ. ಕೊಂಡವನು ಸಿಂಧನೂರು ಕಡೆಯ ಚನ್ನವೀರಪ್ಪ. ಅವನ ಹೆಂಡತಿ ಅಮರವ್ವ ನಮ್ಮನ್ನು ಬೇರೆ ಮಾಡಿದಳು.

ಚನ್ನವೀರಪ್ಪ ಒಳ್ಳೆಯವನೇ, ಆದರೆ ನೀರಿನ ವಿಷಯದಲ್ಲಿ ಅತಿಯಾಸೆ. ಕಾಲುವೆಗೆ ನೀರು ಬಂದರೆ ಗದ್ದೆ ತುಂಬಿ ತುಳುಕಬೇಕು. ಹೆಚ್ಚಾದ ನೀರು ಹರಿದುಹೋಗಲೆಂದು ಅವನಪ್ಪ ತೋಡಿದ್ದ ಬಸಿಗಾಲುವೆಯನ್ನು ನಾಲ್ಕು ಸಾಲು ಭತ್ತದ ಆಸೆಗೆ ಮುಚ್ಚಿಸಿದ. ಕೆಲವೇ ವರ್ಷಗಳಲ್ಲಿ ಕೆಳಗಿನ ಉಪ್ಪು ಮೇಲೆದ್ದು, ಹೊಲ ಬಿಳಿ ಹಕ್ಕಳೆ ಕಟ್ಟಿ ಸವಳಾಯಿತು. ಮಡಿವಾಳರ ಈರಪ್ಪ ಆ ಸವಳು ಮಣ್ಣನ್ನೇ ಒಯ್ದು ನಮ್ಮನ್ನು ಒಗೆಯುತ್ತಿದ್ದ. ನಾವು ಬೆಳ್ಳಗೆ ಹೊಳೆದು ಬೀಗುತ್ತಿದ್ದೆವು. ಹೊಲ ಸಾಯುತ್ತಿದ್ದುದು ನಮಗೇನು ಗೊತ್ತು?

ಚನ್ನವೀರಪ್ಪ ತೀರಿಕೊಂಡಾಗ ಮನೆತನದ ಪದ್ಧತಿಯಂತೆ ಅದೇ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿದರು. ಉಡಿಸಿದ್ದು ನನ್ನ ಜೋಡಿಯನ್ನು. ನಾನು ಗಂಟಿನಲ್ಲಿ ಉಳಿದೆ. ಮಣ್ಣಿನಿಂದ ಬಂದವರು ಮಣ್ಣಿಗೇ ಸೇರಿದರು ಎಂದು ಅಮರವ್ವ ಸಮಾಧಾನ ಮಾಡಿಕೊಂಡಳು.

ಆರು ವರ್ಷದ ಮೇಲೆ ಮಣ್ಣು ಪರೀಕ್ಷೆಯ ಶಾಹೀನಾ ಮೇಡಂ ಬಂದರು. ಹಳೆಯ ಹತ್ತಿಬಟ್ಟೆ ಹೂತು, ಎರಡು ತಿಂಗಳ ಮೇಲೆ ತೆಗೆದು ನೋಡಲು ಹೇಳಿದರು. ಜೀವಂತ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಿಗಳಿರುತ್ತವಂತೆ. ಬೇರು, ಎಲೆ, ಬಟ್ಟೆಯಲ್ಲಿರುವ ಇಂಗಾಲವೇ ಅವುಗಳ ಊಟವಂತೆ. ಸವಳಿನಲ್ಲಿ ಬೆಳೆಯಿಲ್ಲ, ಹಾಗಾಗಿ ಊಟವೂ ಇಲ್ಲ; ಉಪ್ಪು ಅವುಗಳ ಮೈಯ ನೀರನ್ನೇ ಹೀರುತ್ತದೆ, ಇದ್ದಬದ್ದ ಕಸುವು ಕಪ್ಪು ನೀರಾಗಿ ಕರಗಿಹೋಗುತ್ತದೆ ಎಂದರು. ಅಮರವ್ವ ನನ್ನನ್ನು ಮೊಳದುದ್ದಕ್ಕೆ ಹರಿದು, ಗಂಡನ ಸಮಾಧಿಯಿಂದ ಹತ್ತು ಮಾರು ದೂರದಲ್ಲಿ ಹೂತು, ಗುರುತಿಗೆ ಗೂಟ ಬಡಿದಳು.

ಕೆಳಗೆ ಒಂದು ಹುಳುವಿಲ್ಲ, ಒಂದು ಬೇರಿಲ್ಲ. ಯಾರಾದರೂ ಬಂದು ತಿನ್ನಲಿ ಎಂದು ಕಾದೆ. ಹತ್ತು ಮಾರು ಆಚೆ ನನ್ನ ಜೋಡಿಯಿತ್ತು. ಅದೂ ನನ್ನಂತೆ ಎಚ್ಚರವಾಗಿದೆಯೇನೋ ಎಂದು ನೆನೆದು ಅಂಜಿದೆ.

ಎರಡು ತಿಂಗಳ ಮೇಲೆ ತೆಗೆದಾಗ ನಾನು ಇದ್ದ ಹಾಗೇ ಇದ್ದೆ. ಒಂದೆಳೆ ಸಡಿಲವಾಗಿರಲಿಲ್ಲ. ಅಮರವ್ವ ನನ್ನ ಅಂಚು ತಿಕ್ಕಿ ನೋಡಿ, ಸಮಾಧಿಯ ಕಡೆ ತಿರುಗಿದಳು.

"ಹಂಗಾರ ಅವರೂ ಇನ್ನಾ ಮಣ್ಣಾಗಿಲ್ಲೇನ್ರೀ ಮೇಡಂ?"

ಮೇಡಂ ಸವಳು ತಿದ್ದುವ ಬಗೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು.

ಅಂದಿನಿಂದ ಅಮರವ್ವನಿಗೆ ಊಟ ಸೇರಲಿಲ್ಲ. ಹೊಲವನ್ನು ಇಟ್ಟಿಗೆ ಭಟ್ಟಿಗೆ ಕೊಡು ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಮುಚ್ಚಿಸಿದ ಬಸಿಗಾಲುವೆಯನ್ನು ತಾನೇ ನಿಂತು ತೆರೆಸಿದಳು. ಜಿಪ್ಸಂ ಹಾಕಿ, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ಬಸಿದಳು. ಹಸಿರುಗೊಬ್ಬರದ ಡಯಂಚ ಬಿತ್ತಿ, ಹಸಿರಿರುವಾಗಲೇ ಮಣ್ಣಿಗೆ ಮಗುಚಿದಳು. ಪ್ರತಿವರ್ಷ ನನ್ನನ್ನು ಹೂಳುವಳು, ತೆಗೆಯುವಳು. ಎರಡು ವರ್ಷ ನಾನು ಹಾಗೇ ಬಂದೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಮೂರನೆಯ ವರ್ಷ ಅಂಚಿನಲ್ಲಿ ಏನೋ ಮೆಲ್ಲಗೆ ಮೆಲ್ಲತೊಡಗಿತು. ನೋವಾಗಲಿಲ್ಲ. ಹರಿದರೆ ಬಟ್ಟೆಯ ಬಾಳು ಮುಗಿಯಿತು ಅನ್ನುತ್ತಾರೆ. ಮುಗಿಯುವುದಕ್ಕೂ ಪುಣ್ಯ ಬೇಕು. ಅಮರವ್ವ ನನ್ನನ್ನು ತೆಗೆದು, ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿದಳು. ಆಮೇಲೆ ಸಮಾಧಿಯ ಮುಂದೆ ನಿಂತು ನನ್ನನ್ನು ಎತ್ತಿ ಹಿಡಿದಳು.

"ತಿನ್ನಾಕತ್ತೈತ್ರೀ," ಎಂದಳು. "ಇನ್ನ ನೀವು ಹೋಗ್ರಿ."

ನನ್ನನ್ನು ಮತ್ತೆ ಅಲ್ಲೇ ಹೂತಳು. ಈ ಸಲ ಗುರುತಿನ ಗೂಟವನ್ನು ಕಿತ್ತು ಮನೆಗೆ ಒಯ್ದಳು.